ಕೆಳಗಿನ ದನಿ ಯಾರಿಗೂ ಬೇಡ

ಇಬ್ಬರು ಹುಡುಗಿಯರು ಜೊತೆಯಾಗಿ ಪಾಠಕ್ಕೆ ಬಂದರೆ ಕೈಯಲ್ಲಿ ‘ಲಕ್ಮೆ’ ಒಪೆರಾದ ಹೂವಿನ ಯುಗಳಗೀತೆ ಇರುತ್ತದೆ. ಇಬ್ಬರಿಗೂ ಮೇಲಿನ ದನಿಯಾದ ಲಕ್ಮೆಯ ಭಾಗವೇ ಬೇಕು. ಕೆಳಗಿನ ದನಿಯ ಮಲ್ಲಿಕಾ ಯಾರಿಗೂ ಬೇಡ. ಹೋದ ವರ್ಷ ಒಬ್ಬ ತಾಯಿ ಪಾಠ ಮುಗಿಯುವವರೆಗೂ ಹೊರಗೆ ಕಾದಿದ್ದು, “ಮೇಡಂ, ಫೀಸು ಇಬ್ಬರದೂ ಒಂದೇ ತಾನೇ? ನಮ್ಮವಳಿಗೆ ಮಾತ್ರ ಸೆಕೆಂಡ್ಸ್, ಆ ಎರಡನೇ ದನಿ, ಯಾಕೆ?” ಅಂದರು. ನ್ಯಾಯವಾದ ಪ್ರಶ್ನೆಯೇ. ಬಾಗಿಲಲ್ಲಿ ನಿಂತು ಉತ್ತರಿಸುವಂಥದ್ದಲ್ಲ, ಅಷ್ಟೆ.

ಲಿಯೊ ದೆಲಿಬ್ ರಚಿಸಿದ ಈ ಒಪೆರಾ ಪ್ಯಾರಿಸ್ಸಿನಲ್ಲಿ ಮೊದಲು ರಂಗಕ್ಕೆ ಬಂದದ್ದು 1883ರಲ್ಲಿ. ಲಕ್ಮೆ ಬ್ರಾಹ್ಮಣ ಅರ್ಚಕನ ಮಗಳು, ಮಲ್ಲಿಕಾ ಅವಳ ಸೇವಕಿ. ಆ ಭಾರತ ನಮ್ಮದಲ್ಲ, ಅಲ್ಲಿಯವರ ಕಲ್ಪನೆಯದು. ಆ ತಕರಾರು ಇನ್ನೊಂದು ದಿನಕ್ಕಿರಲಿ. ನನ್ನ ತಕರಾರು, ಸೇವಕಿ ಎಂದ ಮಾತ್ರಕ್ಕೆ ಅವಳ ದನಿಯೂ ಸೇವೆಗೆ ನಿಂತಿದೆ ಎಂದುಕೊಳ್ಳುವುದರ ಬಗ್ಗೆ. ಸಾಹಿತ್ಯವನ್ನೇ ನೋಡಿ. ಪಲ್ಲವಿಯಲ್ಲಿ ಇಬ್ಬರೂ ಒಟ್ಟಿಗೆ ಹಾಡುವಾಗ ಮಲ್ಲಿಕಾಳ ಸಾಲಿನಲ್ಲೇ ಹೆಚ್ಚು ಅಕ್ಷರಗಳಿವೆ. ಅದೇ ಕಾಲದಲ್ಲಿ ಅಷ್ಟೂ ಫ್ರೆಂಚ್ ಅಕ್ಷರಗಳನ್ನು ಅವಸರ ಕಾಣದಂತೆ ನುಡಿಯಬೇಕು. ಇದು ಸುಲಭದ ಭಾಗ ಎಂದವರಾರೋ!

ಇನ್ನು ಸ್ವರದ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಪಲ್ಲವಿಯ ಬಹುಭಾಗ ಎರಡು ದನಿಗಳು ‘ಥರ್ಡ್’ ಅಂತರದಲ್ಲಿ, ಅಂದರೆ ಸ–ಗ, ರಿ–ಮ ಎಂಬಂತೆ, ಜೊತೆಜೊತೆಗೇ ಸಾಗುತ್ತವೆ. ಸ–ಗ ದೊಡ್ಡ ಅಂತರ, ರಿ–ಮ ಚಿಕ್ಕದು. ಶುದ್ಧವಾಗಿ ಹಾಡಿದರೆ ದೊಡ್ಡದರ ಕಂಪನಗಳ ಅನುಪಾತ 5:4, ಚಿಕ್ಕದರದು 6:5. ಪಿಯಾನೋದ ದೊಡ್ಡ ಥರ್ಡ್ ಇದಕ್ಕಿಂತ ಸುಮಾರು 14 ಸೆಂಟ್ ಅಗಲ. ಒಂದು ಅರ್ಧಸ್ವರಕ್ಕೆ 100 ಸೆಂಟ್, ಆದ್ದರಿಂದ ಇದು ಕಿವಿಗೆ ತಿಳಿಯುವ ವ್ಯತ್ಯಾಸವೇ.

ಕೆಳಗಿನವಳು ಸೆಕೆಂಡಿಗೆ 440, ಮೇಲಿನವಳು 550 ಕಂಪನದಲ್ಲಿ ನಿಂತರೆ ಎರಡರ ವ್ಯತ್ಯಾಸ 110. ಆ 110ರ ಮಂದ್ರ ಸ್ವರವನ್ನು ಯಾರೂ ಹಾಡುತ್ತಿಲ್ಲ, ಆದರೂ ಕೇಳುವವರ ಕಿವಿಯೊಳಗೆ ಅದು ಗುಂಯ್‌ಗುಟ್ಟುತ್ತದೆ. ಎಲ್ಲ ಸಭಾಂಗಣದಲ್ಲೂ ಎಲ್ಲರಿಗೂ ಕೇಳೀತು ಎಂದು ನಾನು ಭರವಸೆ ಕೊಡಲಾರೆ; ವೈಬ್ರಾಟೋ, ಅಂದರೆ ದನಿಯ ಅಲುಗಾಟ, ಜಾಸ್ತಿಯಾದರೆ ಮಾಯವಾಗುತ್ತದೆ. ಸೊಪ್ರಾನೊ ಎಂಬ ಹೆಣ್ಣಿನ ಮೇಲ್ದನಿ ಮತ್ತು ಟೆನರ್ ಎಂಬ ಗಂಡಿನ ಮೇಲ್ದನಿ ಹಾಡುವಾಗ ಸಾಮಾನ್ಯವಾಗಿ ನಡುವೆ ಇನ್ನೊಂದು ಸ್ಥಾಯಿಯೇ ಬಂದುಬಿಡುತ್ತದೆ, ಈ ಬಗೆಯ ಬಿಗಿ ಸಿಗುವುದಿಲ್ಲ. ಇಬ್ಬರು ಹೆಂಗಸರ ದನಿ ಒಂದೇ ಸ್ಥಾಯಿಯಲ್ಲಿ ಪಕ್ಕಪಕ್ಕ ಇರುವುದೇ ಇದರ ಮೋಡಿ. ಆ ಅಂತರವನ್ನು ಕ್ಷಣಕ್ಷಣಕ್ಕೂ ಅಗಲಿಸಿ ಕಿರಿದಾಗಿಸಿ ಸರಿಪಡಿಸುವ ಕೆಲಸ ಹೆಚ್ಚಾಗಿ ಕೆಳಗಿನವಳದು. ಜೋರಾಗಿ ಹಾಡುವ ಮಗಳಲ್ಲ, ಚೆನ್ನಾಗಿ ಕೇಳಿಸಿಕೊಳ್ಳುವ ಮಗಳು ಅಲ್ಲಿರಬೇಕು. ಆ ತಾಯಿಗೆ ನಾನು ಹೇಳಿದ್ದೂ ಇದನ್ನೇ. ನಂಬಿದರೋ ಇಲ್ಲವೋ, ಫೀಸಂತೂ ಕಟ್ಟಿದರು.

ನಮ್ಮ ಮಕ್ಕಳನ್ನು ಪೂರ್ತಿ ದೂರುವಂತೆಯೂ ಇಲ್ಲ. ರಾಧಾ–ಜಯಲಕ್ಷ್ಮಿ, ಬಾಂಬೆ ಸಿಸ್ಟರ್ಸ್ ಕೇಳಿ ಬೆಳೆದ ಮನೆಗಳಲ್ಲಿ ಇಬ್ಬರು ಹಾಡುವುದೆಂದರೆ ಎರಡು ಕಂಠ, ಒಂದೇ ಸ್ವರ. ಹಾಗಾಗಿ ನಾಲ್ಕು ಸಾಲು ಕಳೆಯುವಷ್ಟರಲ್ಲಿ ಮಲ್ಲಿಕಾ ಮೆಲ್ಲಗೆ ಮೇಲೆ ಜಾರಿ ಲಕ್ಮೆಯೇ ಆಗಿಬಿಡುತ್ತಾಳೆ. ಆದರೆ ಅದೇ ಮನೆಗಳಿಂದ ಒಂದು ಉಪಕಾರವೂ ಉಂಟು. ತಂಬೂರಿಯ ಷಡ್ಜದೊಳಗೆ ತಾನಾಗಿ ಕೇಳುವ ‘ಅಂತರ ಗಾಂಧಾರ’, ಅಂದರೆ ಸ–ಗ ಎಂದಾಗಿನ ಆ ದೊಡ್ಡ ಗ, ಇದೇ 5:4. ಪಿಯಾನೋ ಮುಚ್ಚಿ, ಹಾಡಿನ ಬಿ ಸ್ವರಕ್ಕೆ ತಂಬೂರಿ ಹಚ್ಚಿ ಕೂರಿಸಿದರೆ, ಪಿಯಾನೋದಲ್ಲೇ ಬೆಳೆದವರಿಗಿಂತ ಬೇಗ ಹಿಡಿಯುತ್ತಾರೆ.

ಇನ್ನೊಂದು ಸಂಗತಿ. ಬ್ರಿಟಿಷ್ ಏರ್‌ವೇಸ್ ಜಾಹೀರಾತಿನಿಂದ ಈ ಹಾಡು ಕಲಿತವರಿಗೆ ಅದರ ನಡುವೆ ಭಯ ಇರುವುದೇ ಗೊತ್ತಿಲ್ಲ. ಊರಿಗೆ ಒಬ್ಬನೇ ಹೋಗುವ ಅಪ್ಪನಿಗೆ ಏನಾದೀತೋ ಎಂದು ಲಕ್ಮೆ ನಡುಗುತ್ತಾಳೆ. ಗಣೇಶ ಕಾಯಲಿ, ನೀಲಿ ತಾವರೆ ಕೊಯ್ಯೋಣ ಬಾ ಎಂದು ಸಮಾಧಾನ ಹೇಳುವವಳು ಮಲ್ಲಿಕಾ. ಇದಾದ ಮೇಲೆ ಪಲ್ಲವಿ ಮರಳಿದಾಗ ಮೊದಲಿನಂತೆಯೇ ಹಾಡಿದರೆ ನನಗೆ ಸಿಟ್ಟು ಬರುತ್ತದೆ.

ಬೆಲ್ಲಿನಿಯ ‘ನಾರ್ಮಾ’ ಒಪೆರಾದಲ್ಲಂತೂ ಒಬ್ಬನನ್ನೇ ಪ್ರೀತಿಸಿದ ಇಬ್ಬರು ಹೆಂಗಸರು ಮೊದಲು ಒಬ್ಬೊಬ್ಬರಾಗಿ ಹಾಡಿ, ಆಮೇಲೆ ಥರ್ಡ್‌ಗಳಲ್ಲಿ ಕೂಡುತ್ತಾರೆ. ರಾಜಿ ಆದದ್ದು ಮಾತಿಗಿಂತ ಸ್ವರದಲ್ಲೇ ಚೆನ್ನಾಗಿ ತಿಳಿಯುತ್ತದೆ. 1831ರಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಆ ಇಬ್ಬರಲ್ಲಿ ಕೆಳಗಿನ ದನಿಯವಳಾದ ಅಡಾಲ್ಜೀಸಾ ಆಗಿದ್ದ ಜೂಲಿಯಾ ಗ್ರೀಸಿ ಸೊಪ್ರಾನೊ. ಮುಂದೆ ಆ ಪಾತ್ರ ಹೆಚ್ಚಾಗಿ ಮೆಝೊಗಳ, ಅಂದರೆ ಸೊಪ್ರಾನೊಗಿಂತ ತುಸು ಕೆಳದನಿಯ ಗಾಯಕಿಯರ, ಪಾಲಾಯಿತು. ಆದ್ದರಿಂದ ಕೆಳಗೆ ಹಾಡಿದ ಮಾತ್ರಕ್ಕೆ ಮಗಳು ಮೆಝೊ ಎಂದು ಮುದ್ರೆ ಒತ್ತಬೇಡಿ. ಹದಿನಾರರ ಕಂಠಕ್ಕೆ ನಾನಂತೂ ಹೆಸರಿಡುವುದಿಲ್ಲ, ಒಂದು ವಾರ ಮೇಲೆ, ಒಂದು ವಾರ ಕೆಳಗೆ ಹಾಡಿಸುತ್ತೇನೆ. ‘ನಾರ್ಮಾ’ದ ಹಾಳೆ ಮಾತ್ರ ಈಗಲೇ ತರಬೇಡಿ. ಹತ್ತು ವರ್ಷ ಬಿಟ್ಟು ಬನ್ನಿ, ನೋಡೋಣ.