ಶಾಲೆ ಗೋಡೆಗೆ ರೈಲು ಬರೆಸಿದರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರಾ?

ಪ್ರಶ್ನೆ: ನಮ್ಮೂರ ಸರ್ಕಾರಿ ಶಾಲೆಗೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಸ್ವಲ್ಪ ದುಡ್ಡು ಕೂಡಿಸಿದ್ದೇವೆ. ಪಕ್ಕದೂರಿನ ಹಾಗೆ ಗೋಡೆಗೆ ರೈಲು ಬೋಗಿ ಬರೆಸೋಣ ಅಂತ ಕೆಲವರು, ಅದೆಲ್ಲ ಸುಮ್ನೆ ದಂಡ ಅಂತ ಇನ್ನು ಕೆಲವರು. ಕಟ್ಟಡ ಹೇಗಿದೆ ಅನ್ನುವುದಕ್ಕೂ ಕಲಿಕೆಗೂ ನಿಜವಾಗಿ ಸಂಬಂಧ ಇದೆಯಾ?

ಉತ್ತರ: ಇದೆ. ಆದರೆ ರೈಲು ಇರುವುದು ಹೊರಗೋಡೆಯ ಮೇಲೆ, ಮಗು ಕೂರುವುದು ಒಳಗೆ. ರೈಲು ಕಂಡರೆ ಮಕ್ಕಳಿಗೆ ಖುಷಿ, ಊರವರಿಗೂ ನಮ್ಮ ಶಾಲೆ ಅನ್ನುವ ಹೆಮ್ಮೆ. ಅದು ಸಣ್ಣ ವಿಷಯ ಅಲ್ಲ. ಕಲಿಕೆಯ ಮಾತಿಗೆ ಬಂದರೆ ಮಾತ್ರ ಕೋಣೆಯೊಳಗೆ ಹೋಗಿ ನೋಡಬೇಕು.

ಇಂಗ್ಲೆಂಡಿನ ಸಾಲ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನೇ ಅಳೆದರು. 27 ಪ್ರಾಥಮಿಕ ಶಾಲೆಗಳ 153 ತರಗತಿ ಕೋಣೆಗಳು, 3,766 ಮಕ್ಕಳು. ವರದಿ ಬಂದದ್ದು 2015ರಲ್ಲಿ. ಒಂದು ವರ್ಷದಲ್ಲಿ ಮಕ್ಕಳು ಎಷ್ಟು ಮುಂದೆ ಹೋದರು ಅನ್ನುವುದರಲ್ಲಿ ಕಂಡ ವ್ಯತ್ಯಾಸದ 16% ಕೋಣೆಯಿಂದಲೇ ಬಂದಿತ್ತು. ಅದರಲ್ಲೂ ಸುಮಾರು ಅರ್ಧ ಪಾಲು ಬೆಳಕು, ಗಾಳಿ, ಸೆಖೆಗಳಂಥವುಗಳದ್ದು. ಇಡೀ ಶಾಲೆ ಎಷ್ಟು ದೊಡ್ಡದು, ಏನೇನು ಸೌಲಭ್ಯ ಇದೆ ಅನ್ನುವುದಕ್ಕೆ ಅಷ್ಟು ತೂಕ ಇರಲಿಲ್ಲ.

ಇಂಗ್ಲೆಂಡ್ ಬಿಡಿ, ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ನಲಿ-ಕಲಿ. ಅದನ್ನು ನಾವು ಪಾಠದ ಕ್ರಮ ಅಂತಷ್ಟೇ ನೋಡುತ್ತೇವೆ. ಆ ಕೋಣೆಯನ್ನೊಮ್ಮೆ ಗಮನಿಸಿ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದಿರುತ್ತಾರೆ. ನೆಲದ ಮೇಲೆ ಕೂತ ಮಗುವಿನ ಕೈಗೆ ಸಿಗುವ ಎತ್ತರ ಅದು. ಒಬ್ಬೊಬ್ಬರಿಗೂ ಒಂದೊಂದು ಪಾಲು, ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು. ಮೇಲೆ ದಾರ ಕಟ್ಟಿದ ಚಪ್ಪರ, ಅದರಿಂದ ಮಕ್ಕಳೇ ಮಾಡಿದ ಚಿತ್ರಗಳು ನೇತಾಡುತ್ತವೆ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಮಗು ತಾನೇ ಕಲಿಕಾ ಏಣಿ, ಅಂದರೆ ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಪಟ ನೋಡಿ ತಿಳಿಯುತ್ತದೆ. ಆ ಮೆಟ್ಟಿಲಿನ ಚಟುವಟಿಕೆಯ ಕಾರ್ಡನ್ನೂ ತಾನೇ ಹುಡುಕಿ ತರುತ್ತದೆ. ಮಕ್ಕಳು ಗುಂಪು ಗುಂಪಾಗಿ ಕೂರುವುದರಿಂದ ಕೊನೇ ಬೆಂಚು ಅನ್ನುವುದೇ ಇಲ್ಲ. ವಿನ್ಯಾಸ ಅಂದರೆ ಇದೇ ಅಲ್ವಾ? ಖರ್ಚು ಅಂದರೆ ಒಂದಿಷ್ಟು ಕಪ್ಪು ಬಣ್ಣ, ಒಂದಿಷ್ಟು ದಾರ.

ದೆಹಲಿಯ ವಾಸ್ತುಶಿಲ್ಪಿಗಳಾದ ಕಬೀರ್ ಮತ್ತು ಪ್ರೀತಿ ವಾಜಪೇಯಿ ರೂಪಿಸಿದ ‘ಬಾಲಾ’ ಯೋಜನೆಯ ಯೋಚನೆಯೂ ಇಂಥದ್ದೇ: ಕಟ್ಟಡವೇ ಪಾಠದ ಸಾಮಾನು. ಬಾಗಿಲು ತೆರೆಯುವ ಜಾಗದಲ್ಲಿ ನೆಲದ ಮೇಲೆ ಕೋನಗಳನ್ನು ಗುರುತು ಹಾಕುತ್ತಾರೆ, ಬಾಗಿಲು ತಳ್ಳಿದಾಗಲೆಲ್ಲ 30, 60, 90 ಡಿಗ್ರಿ ಕಾಣುತ್ತದೆ. ಕಿಟಕಿಯ ಸರಳನ್ನೇ ಬೆರಳಾಡಿಸುವ ಆಕಾರಕ್ಕೆ ಬಗ್ಗಿಸುತ್ತಾರೆ. ಎಷ್ಟೋ ಕಡೆ ಇದು ಪೇಂಟರ್ ಕೈಗೆ ಸಿಕ್ಕಿ ಬರೀ ಗೋಡೆ ಚಿತ್ರ ಆಗಿಬಿಟ್ಟಿದೆ, ಅದೇ ಬೇಜಾರು. ಮಗು ಮುಟ್ಟಲಾಗದ ಎತ್ತರದಲ್ಲಿ ಬರೆದ ಭೂಪಟ ಕ್ಯಾಲೆಂಡರಿದ್ದ ಹಾಗೆ, ಒಂದು ವಾರ ಕಳೆದರೆ ಯಾರೂ ನೋಡುವುದಿಲ್ಲ.

ಒಳಗೋಡೆಗೆ ಚಿತ್ರ ಜಾಸ್ತಿಯಾದರೆ ನಷ್ಟವೂ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 24 ಪುಟ್ಟ ಮಕ್ಕಳಿಗೆ ಕೆಲವು ಪಾಠ ಖಾಲಿ ಕೋಣೆಯಲ್ಲಿ, ಕೆಲವು ಪಾಠ ಚಿತ್ರ ತುಂಬಿದ ಕೋಣೆಯಲ್ಲಿ ಮಾಡಿಸಿದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಖಾಲಿ ಕೋಣೆಯ ಪಾಠದಲ್ಲಿ ಸರಿ ಉತ್ತರ 55%, ಚಿತ್ರದ ಕೋಣೆಯ ಪಾಠದಲ್ಲಿ 42%. ಸಣ್ಣ ಪ್ರಯೋಗ, ನಿಜ. ಆದರೂ ಪಾಠ ನಡೆಯುವ ಗೋಡೆಯನ್ನು ಖಾಲಿ ಬಿಡಲು ಇಷ್ಟು ಸಾಕು.

ಇನ್ನು ಸೆಖೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಗಾಂಡೊ ಅಂತ ಒಂದು ಹಳ್ಳಿ. ಅಲ್ಲಿನವರೇ ಆದ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಚಿಕ್ಕಂದಿನಲ್ಲಿ ಗಾಳಿಯಾಡದ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳ ನಡುವೆ ಬೆವರುತ್ತಾ ಓದಿದವರು. 2001ರಲ್ಲಿ ಊರವರ ಜತೆ ಸೇರಿ ಮಣ್ಣಿನ ಇಟ್ಟಿಗೆಯ ಶಾಲೆ ಕಟ್ಟಿದರು. ತಗಡಿನ ಮಾಡನ್ನು ಒಳಚಾವಣಿಯಿಂದ ಎತ್ತಿ ನಿಲ್ಲಿಸಿದರು. ಬಿಸಿಗಾಳಿ ಆ ಸಂದಿಯಿಂದ ಹೊರಗೆ ಹೋಗುತ್ತದೆ, ಕಿಟಕಿಯಿಂದ ತಂಪುಗಾಳಿ ಒಳಗೆ ಬರುತ್ತದೆ. ಫ್ಯಾನ್ ಬೇಡ. 2022ರಲ್ಲಿ ಅವರಿಗೆ ವಾಸ್ತುಶಿಲ್ಪಿಗಳಿಗೆ ಕೊಡುವ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮ್ಮ ಹಳೇ ಹೆಂಚಿನ ಶಾಲೆಗಳಲ್ಲೂ ಸಂದಿಗಳಿಂದ ಗಾಳಿ ಆಡುತ್ತಿತ್ತು. ಶೀಟು ಬಂದ ಮೇಲೆ ಬೇಸಿಗೆಯಲ್ಲಿ ಕಾವು, ಮಳೆಗಾಲದಲ್ಲಿ ಮೇಷ್ಟ್ರ ಮಾತೇ ಕೇಳದಷ್ಟು ಸದ್ದು.

ಬೋರ್ಡಿನದು ನನ್ನದೇ ಅನುಭವ. ನಾನು ಓದಿದ ಶಾಲೆಯಲ್ಲಿ ಬೋರ್ಡಿಗೆ ಮಿರಮಿರ ಮಿಂಚುವ ಆಯಿಲ್ ಪೇಂಟ್ ಹೊಡೆಸಿದ್ದರು. ಮಧ್ಯಾಹ್ನ ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದರೆ ಎಡಗಡೆ ಸಾಲಿನವರಿಗೆ ಅರ್ಧ ಲೆಕ್ಕ ಮಾತ್ರ ಕಾಣುತ್ತಿತ್ತು. ಉಳಿದರ್ಧ ನಾವೇ ಊಹಿಸಿಕೊಳ್ಳುತ್ತಿದ್ದೆವು, ಅದು ತಪ್ಪಾಗುತ್ತಿತ್ತು, ಏಟು ಬೀಳುತ್ತಿತ್ತು.

ಹೀಗಾಗಿ ಪೇಂಟರಿಗೆ ಹೇಳುವ ಮೊದಲು, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ ಒಂದನೇ ತರಗತಿಯ ನೆಲದ ಮೇಲೆ ಅರ್ಧ ಗಂಟೆ ಕೂತು ನೋಡಿ. ಬೋರ್ಡು ಕಾಣುತ್ತಾ, ಬೆವರುತ್ತೀರಾ, ಟೀಚರ್ ಮಾತು ಕೇಳುತ್ತಾ? ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇಲ್ಲದಿದ್ದರೆ, ಅಥವಾ ಇದ್ದರೂ ಚಿಲಕ, ನೀರು ಇಲ್ಲದಿದ್ದರೆ, ದುಡ್ಡು ಮೊದಲು ಅಲ್ಲಿಗೇ ಹೋಗಲಿ.

ಉಳಿದರೆ ರೈಲು ಖಂಡಿತ ಬರೆಸಿ. ಒಂದೇ ಮಾತು, ಕೆಳಗಿನ ಎರಡೂವರೆ ಅಡಿಗೆ ಚಕ್ರ ಬರೆಸಬೇಡಿ. ಅಲ್ಲಿ ಮಿಂಚದ ಕಪ್ಪು ಬಣ್ಣ ಬಳಿಸಿ, ಒಂದು ಡಬ್ಬಿ ಸೀಮೆಸುಣ್ಣ ಇಡಿ. ಚಕ್ರಗಳನ್ನು ಮಕ್ಕಳೇ ಬರೆದುಕೊಳ್ಳುತ್ತಾರೆ.