ಮುನ್ನೋಟದ ಹೇಳಿಕೆ ಎಂದರೇನು?

ಇಂಗ್ಲಿಷಿನ ‘ವಿಷನ್ ಸ್ಟೇಟ್‌ಮೆಂಟ್’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಹೆಸರು ಇನ್ನೂ ನೆಲೆನಿಂತಿಲ್ಲ. ಒಬ್ಬರು ‘ದೂರದೃಷ್ಟಿ’ ಎಂದರೆ ಇನ್ನೊಬ್ಬರು ‘ಆಶಯ’ ಎನ್ನುತ್ತಾರೆ, ಮತ್ತೆ ಕೆಲವರು ‘ಧ್ಯೇಯವಾಕ್ಯ’ ಎಂದು ಬರೆದುಬಿಡುತ್ತಾರೆ. ಈ ಕೊನೆಯ ಪದವನ್ನು ಇಲ್ಲಿ ಬಳಸದಿರುವುದೇ ಒಳ್ಳೆಯದು, ಏಕೆಂದರೆ ಅದಕ್ಕೆ ಬೇರೊಂದು ಅರ್ಥ ಆಗಲೇ ಇದೆ. ವಿಧಾನಸೌಧದ ಹಣೆಯ ಮೇಲಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತು, ಮೈಸೂರು ವಿಶ್ವವಿದ್ಯಾನಿಲಯದ ಲಾಂಛನದಲ್ಲಿರುವ ‘ನ ಹಿ ಜ್ಞಾನೇನ ಸದೃಶಂ’ (ಜ್ಞಾನಕ್ಕೆ ಸಮನಾದುದಿಲ್ಲ) ಎಂಬ ಭಗವದ್ಗೀತೆಯ ನುಡಿ, ಇವು ಧ್ಯೇಯವಾಕ್ಯಗಳು. ಕೆಲಸ ಮಾಡುವವರ ಮನೋಭಾವ ಹೇಗಿರಬೇಕೆಂದು ಅವು ಹೇಳುತ್ತವೆಯೇ ಹೊರತು, ಯಾವ ಕೆಲಸ ಎಂದಿಗೆ ಮುಗಿಯಬೇಕೆಂದು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ‘ಮುನ್ನೋಟ’ ಎಂಬ ಪದ ಕ್ರಿಕೆಟ್ ಪಂದ್ಯಕ್ಕೂ ಬಜೆಟ್ಟಿಗೂ ಬಳಕೆಯಾಗಿ ಸ್ವಲ್ಪ ಸವೆದಿದ್ದರೂ, ಮುಂದೆ ಬರಲಿರುವುದನ್ನು ಈಗಲೇ ಕಾಣುವುದು ಎಂಬ ಮೂಲಾರ್ಥ ಅದರಲ್ಲಿ ಉಳಿದಿರುವುದರಿಂದ ನಾನು ಅದನ್ನೇ ಆರಿಸಿಕೊಂಡಿದ್ದೇನೆ.

ಒಂದು ಯೋಜನೆ ಮುಗಿದ ದಿನ ಯಾವುದು ಇಂದಿಗಿಂತ ಬೇರೆಯಾಗಿರಬೇಕು ಎಂಬುದನ್ನು, ಕೆಲಸ ಆರಂಭವಾಗುವ ಮೊದಲೇ, ಒಂದೆರಡು ವಾಕ್ಯಗಳಲ್ಲಿ ಬರೆದಿಡುವುದೇ ಮುನ್ನೋಟದ ಹೇಳಿಕೆ. ಆ ಸ್ಥಿತಿಯನ್ನು ಹೇಗೆ ತಲುಪಬೇಕು, ಎಷ್ಟು ಹಣ ಬೇಕು, ಯಾರು ಏನು ಮಾಡಬೇಕು ಎಂಬುದೆಲ್ಲ ಯೋಜನಾ ವರದಿಯ ಮಾತು.

ಇದಕ್ಕೆ ಜಗತ್ತಿಗೆಲ್ಲ ಪರಿಚಿತವಾದ ಉದಾಹರಣೆ 1961ರ ಮೇ 25ರಂದು ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ತಮ್ಮ ದೇಶದ ಸಂಸತ್ತಿನ ಮುಂದೆ ಇಟ್ಟ ಗುರಿ: ಈ ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿ, ಅವನನ್ನು ಸುರಕ್ಷಿತವಾಗಿ ಭೂಮಿಗೆ ಮರಳಿ ಕರೆತರುವುದು. ಇದಕ್ಕೆ ಇಪ್ಪತ್ತು ದಿನ ಮೊದಲಷ್ಟೇ ಅಮೆರಿಕದ ಮೊದಲ ಗಗನಯಾನಿ ಅಲನ್ ಶೆಪರ್ಡ್ ಹದಿನೈದು ನಿಮಿಷ ಹಾರಿಬಂದಿದ್ದರು. ಬಾಹ್ಯಾಕಾಶಕ್ಕೆ ಮನುಷ್ಯನನ್ನು ಕಳಿಸಿದ ಅಮೆರಿಕದ ಅನುಭವವೆಲ್ಲ ಆ ಹದಿನೈದು ನಿಮಿಷಗಳದ್ದು. ಅಂಥ ಸ್ಥಿತಿಯಲ್ಲಿ ಹೇಳಿದ ಈ ಮಾತಿನ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರಲ್ಲಿರುವ ಎರಡು ಷರತ್ತುಗಳು. ‘ದಶಕ ಮುಗಿಯುವುದರೊಳಗೆ’ ಎಂಬುದು ಮೊದಲನೆಯದು. ಇಡೀ ನೌಕೆಯನ್ನೇ ನೇರವಾಗಿ ಚಂದ್ರನ ಮೇಲಿಳಿಸಲು ನೋವಾ ಎಂಬ ಭಾರೀ ರಾಕೆಟ್ಟನ್ನು ಕಟ್ಟಬೇಕೆಂಬ ವಾದ ನಾಸಾದಲ್ಲಿ ಪ್ರಬಲವಾಗಿತ್ತು. ಆದರೆ 1962ರಲ್ಲಿ ಆ ಸಂಸ್ಥೆ ಅದನ್ನು ಕೈಬಿಟ್ಟು, ತಾಯಿನೌಕೆ ಚಂದ್ರನನ್ನು ಸುತ್ತುತ್ತಿರುವಾಗ ಹಗುರವಾದ ಸಣ್ಣ ನೌಕೆಯೊಂದೇ ಕೆಳಗಿಳಿದು ಮೇಲೇರಿ ಬರುವ ವಿಧಾನವನ್ನು ಒಪ್ಪಿಕೊಂಡಿತು. ಅಷ್ಟು ದೊಡ್ಡ ರಾಕೆಟ್ ಗಡುವಿನೊಳಗೆ ಸಿದ್ಧವಾಗದೆಂಬುದು ಈ ತೀರ್ಮಾನದ ಮುಖ್ಯ ಕಾರಣಗಳಲ್ಲಿ ಒಂದು. ಎರಡನೆಯ ಷರತ್ತು ‘ಸುರಕ್ಷಿತವಾಗಿ ಮರಳಿ’ ಎಂಬುದು. ಒಬ್ಬನನ್ನು ಮೊದಲು ಕಳಿಸೋಣ, ಕರೆತರುವ ಬಗೆಯನ್ನು ಆಮೇಲೆ ಕಂಡುಕೊಳ್ಳೋಣ ಎಂಬ ಸಲಹೆಯನ್ನು ಆ ಕಾಲದಲ್ಲಿ ಕೆಲವು ಎಂಜಿನಿಯರುಗಳು ಗಂಭೀರವಾಗಿಯೇ ಮುಂದಿಟ್ಟಿದ್ದರು. ಹೇಳಿಕೆಯಲ್ಲಿ ಆ ಎರಡು ಪದಗಳಿದ್ದುದರಿಂದ ಅದಕ್ಕೆ ಎಡೆಯಿರಲಿಲ್ಲ. 1967ರ ಜನವರಿಯಲ್ಲಿ ಅಪೋಲೋ ಎಂದು ಹೆಸರಾದ ಈ ಯೋಜನೆಯ ಅಪೋಲೋ 1 ನೌಕೆಯ ಬೆಂಕಿಯಲ್ಲಿ ಮೂವರು ಗಗನಯಾನಿಗಳು ಸತ್ತಾಗ, ಗಡುವು ಹತ್ತಿರವಾಗುತ್ತಿದ್ದರೂ, ಮುಂದಿನ ಮಾನವಸಹಿತ ಹಾರಾಟವನ್ನು 1968ರ ಅಕ್ಟೋಬರಿನವರೆಗೆ ತಡೆದು ನೌಕೆಯನ್ನು ತಿದ್ದಿ ಕಟ್ಟಲಾಯಿತು. 1969ರ ಜುಲೈ 20ರಂದು ಇಳಿದದ್ದು ಅರ್ಧ ಕೆಲಸ. ಹೇಳಿಕೆ ಪೂರ್ತಿಯಾದದ್ದು ಜುಲೈ 24ರಂದು, ನೌಕೆ ಪೆಸಿಫಿಕ್ ಸಾಗರಕ್ಕೆ ಬಂದು ಬಿದ್ದಾಗ.

ಇದೇ ವಾಕ್ಯ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ಅದರಲ್ಲಿ ವಿಜ್ಞಾನದ ಪ್ರಸ್ತಾಪವೇ ಇರಲಿಲ್ಲ. ಚಂದ್ರನ ಮೇಲೆ ಕಾಲಿಟ್ಟ ಹನ್ನೆರಡು ಮಂದಿಯಲ್ಲಿ ವೃತ್ತಿಯಿಂದ ಭೂವಿಜ್ಞಾನಿಯಾಗಿದ್ದವರು ಹ್ಯಾರಿಸನ್ ಶ್ಮಿಟ್ ಒಬ್ಬರೇ, ಅದೂ 1972ರ ಡಿಸೆಂಬರಿನ ಕೊನೆಯ ಯಾನದಲ್ಲಿ. ‘ಆಮೇಲೆ ಏನು’ ಎಂಬುದೂ ಅಲ್ಲಿರಲಿಲ್ಲ, ಯೋಜಿಸಿದ್ದ ಅಪೋಲೋ 18, 19, 20 ಹಾರಲೇ ಇಲ್ಲ. ಮುನ್ನೋಟದಲ್ಲಿ ಬರೆಯದೆ ಬಿಟ್ಟದ್ದು ಕೆಲಸದಲ್ಲಿಯೂ ಹಿಂದೆ ಬೀಳುತ್ತದೆ ಎಂಬುದನ್ನು ಹೇಳಿಕೆ ಬರೆಯುವವರು ಮೊದಲೇ ಎಣಿಸಿರಬೇಕು.

ಚಂದ್ರನಿಗೆ ಹೋಗಿಬರುವಷ್ಟು ದೊಡ್ಡದಲ್ಲದ, ನಮಗೆ ಹತ್ತಿರದ ಉದಾಹರಣೆಯೂ ಇದೆ. ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರು ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ ಮದುರೆಯಲ್ಲಿ ಹನ್ನೊಂದು ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ತೆರೆದರು. ಅವರ ಗುರಿ ಅನಗತ್ಯ ಕುರುಡನ್ನು ಇಲ್ಲವಾಗಿಸುವುದು. ಇಲ್ಲಿ ಭಾರವನ್ನೆಲ್ಲ ಹೊತ್ತಿರುವುದು ‘ಅನಗತ್ಯ’ ಎಂಬ ಒಂದೇ ಪದ: ಕಣ್ಣಿನ ಪೊರೆಯಂತೆ, ಶಸ್ತ್ರಚಿಕಿತ್ಸೆಯಿಂದ ಹೋಗಬಹುದಾಗಿದ್ದರೂ ಬಡತನದಿಂದಲೋ ದೂರದಿಂದಲೋ ಉಳಿದುಹೋದ ಕುರುಡು ಎಂದು ಅದರ ಅರ್ಥ. ‘ಉತ್ತಮ ಕಣ್ಣಾಸ್ಪತ್ರೆ ನಡೆಸುವುದು’ ಎಂದು ಬರೆದಿದ್ದರೆ ಬಾಗಿಲಿಗೆ ಬಂದವರಿಗೆ ಚಿಕಿತ್ಸೆ ಕೊಟ್ಟು ಸುಮ್ಮನಿರಬಹುದಿತ್ತು. ಹಾಗಲ್ಲದ್ದರಿಂದ ಊರೂರಿಗೆ ಹೋಗಿ ಶಿಬಿರ ನಡೆಸಬೇಕಾಯಿತು, ಹಣ ಕೊಡಲಾರದವರಿಗೂ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಕಣ್ಣೊಳಗೆ ಕೂರಿಸುವ ಆಮದು ಮಸೂರ ಬಡವರಿಗೆ ನಿಲುಕದಷ್ಟು ದುಬಾರಿಯೆಂದು ಕಂಡಾಗ 1992ರಲ್ಲಿ ಆರೋಲ್ಯಾಬ್ ಎಂಬ ಕಾರ್ಖಾನೆಯನ್ನೇ ಕಟ್ಟಿ ಮಸೂರ ತಯಾರಿಸಬೇಕಾಯಿತು. ಆಸ್ಪತ್ರೆಯೊಂದು ಕಾರ್ಖಾನೆ ಕಟ್ಟುವುದು ವಿಚಿತ್ರವೆನಿಸಿದರೂ, ಆ ಗುರಿಯನ್ನು ಇಟ್ಟುಕೊಂಡವರಿಗೆ ಅದು ಸಹಜವಾದ ಮುಂದಿನ ಹೆಜ್ಜೆಯಾಗಿತ್ತು.

ಇಂಥ ಹೇಳಿಕೆಯನ್ನು ಸ್ಪಷ್ಟವಾಗಿ ಬರೆಯುವುದು ಹೇಗೆ? ‘ವಿಶ್ವದರ್ಜೆಯ’, ‘ಸಮಗ್ರ’, ‘ಅತ್ಯಾಧುನಿಕ’ ಎಂಬ ಪದಗಳನ್ನು ಹೊಡೆದುಹಾಕುವುದರಿಂದ ಶುರುಮಾಡಬಹುದು. ಯಾವ ಯೋಜನೆಗೂ ಒಪ್ಪುವ ಈ ಪದಗಳು ಯಾವ ಯೋಜನೆಯ ಬಗೆಗೂ ಏನನ್ನೂ ಹೇಳುವುದಿಲ್ಲ. ಉಳಿದ ವಾಕ್ಯದ ಆಧಾರದ ಮೇಲೆ ಯಾವುದಾದರೂ ಒಂದು ಆಕರ್ಷಕ ಸಲಹೆಯನ್ನು ಬೇಡವೆನ್ನಲು ಸಾಧ್ಯವೇ ಎಂದು ನೋಡಬೇಕು. ಸಾಧ್ಯವಾಗದಿದ್ದರೆ ಅದನ್ನು ಮತ್ತೆ ಬರೆಯಬೇಕು. ಊರಿನ ಕೆರೆಯ ಕೆಲಸಕ್ಕೆ ಕೈಹಾಕಿದ ಸಮಿತಿಯೊಂದು ‘ಕೆರೆಯ ಸಮಗ್ರ ಅಭಿವೃದ್ಧಿ’ ಎಂದು ಬರೆದುಕೊಂಡಿದೆ ಎನ್ನೋಣ. ಏರಿಯ ಮೇಲೆ ವಾಕಿಂಗ್ ಪಾತ್, ನಡುವೆ ಕಾರಂಜಿ, ದೋಣಿವಿಹಾರ, ಬಣ್ಣದ ದೀಪ, ಎಲ್ಲವೂ ಅಭಿವೃದ್ಧಿಯೇ ಆಗುವುದರಿಂದ ಹಣವೆಲ್ಲ ಅವಕ್ಕೇ ಮುಗಿದರೂ ಆಕ್ಷೇಪಿಸಲು ಯಾರಿಗೂ ಆಧಾರವಿರುವುದಿಲ್ಲ. ಅದರ ಬದಲು ‘ಮೂರು ಮಳೆಗಾಲ ಕಳೆಯುವುದರೊಳಗೆ ಊರಿನ ಕೊಳಚೆ ಕೆರೆಗೆ ಸೇರುವುದು ನಿಂತು, ಕಡುಬೇಸಿಗೆಯಲ್ಲೂ ದನಕರುಗಳು ಅದರ ನೀರು ಕುಡಿಯುವಂತಾಗಬೇಕು’ ಎಂದು ಬರೆದರೆ, ಮೊದಲ ಖರ್ಚು ಚರಂಡಿಯನ್ನು ತಿರುಗಿಸುವುದಕ್ಕೆ, ಎರಡನೆಯದು ಮಳೆನೀರು ಬರುವ ಕಾಲುವೆಯ ಒತ್ತುವರಿ ತೆರವಿಗೆ. ದೋಣಿವಿಹಾರದ ಮಾತು ಸಭೆಯಲ್ಲಿ ಎದ್ದಾಗ ಅಧ್ಯಕ್ಷರು ವಾದಕ್ಕಿಳಿಯಬೇಕಿಲ್ಲ, ನಡಾವಳಿ ಪುಸ್ತಕದ ಮೊದಲ ಪುಟವನ್ನು ತೆರೆದು ಓದಿದರಾಯಿತು.