ಮುಂದಾಳು ಹೊರಗೆ ಹೋದಾಗ

1930ರ ದಶಕದ ಕೊನೆ. ಅಮೆರಿಕದ ಅಯೋವಾದಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗರು ಶಾಲೆ ಬಿಟ್ಟ ಮೇಲೆ ಐದೈದು ಜನ ಸೇರಿ ಮುಖವಾಡ ಮಾಡುತ್ತಿದ್ದರು. ಒಂದು ಗುಂಪಿನ ಮುಂದಾಳು ಎಲ್ಲವನ್ನೂ ತಾನೇ ತೀರ್ಮಾನಿಸುವವನು. ಹೇಳುವುದೂ ಒಂದೊಂದೇ ಹೆಜ್ಜೆ. ಮುಂದೇನು ಅಂತ ಹುಡುಗರಿಗೆ ಗೊತ್ತೇ ಇರುತ್ತಿರಲಿಲ್ಲ. ಇನ್ನೊಂದು ಗುಂಪಿನಲ್ಲಿ ಎಲ್ಲರೂ ಕೂತು ಮಾತಾಡಿ ಮುಂದುವರಿಯುತ್ತಿದ್ದರು.

ಇಂಥ ಪ್ರಯೋಗಗಳನ್ನು ಮಾಡಿದವರು ಮನಶ್ಶಾಸ್ತ್ರಜ್ಞರಾದ ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್. ಲೆವಿನ್ ಯಹೂದಿ, ಹಿಟ್ಲರನ ಜರ್ಮನಿ ಬಿಟ್ಟು ಬಂದವರು. ದಬ್ಬಾಳಿಕೆ ಮನುಷ್ಯನನ್ನು ಏನು ಮಾಡುತ್ತದೆ ಅನ್ನುವುದು ಅವರಿಗೆ ಸುಮ್ನೆ ಪುಸ್ತಕದ ಪ್ರಶ್ನೆ ಆಗಿರಲಿಲ್ಲ.

ದರ್ಪದ ಮುಂದಾಳಿನ ಕೈಕೆಳಗೆ ಕೆಲವು ಹುಡುಗರು ಸಿಟ್ಟಾದರು. ಆ ಸಿಟ್ಟು ಹೆಚ್ಚಾಗಿ ತಿರುಗಿದ್ದು ಮುಂದಾಳಿನ ಮೇಲಲ್ಲ, ಪಕ್ಕದವನ ಮೇಲೆ. ಮೊದಲ ಪ್ರಯೋಗದಲ್ಲಿ ಇಬ್ಬರು ಹುಡುಗರು ಜೊತೆಯವರ ಕಾಟಕ್ಕೆ ಗುಂಪನ್ನೇ ಬಿಟ್ಟುಹೋದರು. ಇನ್ನು ಕೆಲವು ಗುಂಪುಗಳು ಮಂಕಾದವು. ನಗುವಿಲ್ಲ, ಮಾತಿಲ್ಲ. ನನ್ನನ್ನು ಜಾಸ್ತಿ ಕಾಡುವುದು ಈ ಮಂಕುತನವೇ. ಹೊರಗಿನಿಂದ ನೋಡಿದರೆ ಅದು ಶಿಸ್ತಿನ ಹಾಗೇ ಕಾಣುತ್ತದೆ, ಅಲ್ವಾ? ಆದರೆ ಮುಂದಾಳು ಹೊರಗೆ ಕಾಲಿಟ್ಟರೆ ಸಾಕು, ಕೆಲಸ ಕುಸಿಯುತ್ತಿತ್ತು. ಮಾತಾಡಿ ಮಾಡುವ ಗುಂಪಿನಲ್ಲಿ ಕೆಲಸ ಹೆಚ್ಚು ಕಡಿಮೆ ಹಾಗೇ ನಡೆಯುತ್ತಿತ್ತು. ಈ ವರದಿ ಬಂದದ್ದು 1939ರಲ್ಲಿ.

ಆಫೀಸಿನ ಮೇಲಧಿಕಾರಿ ಕೊಡುವ ಹಿಂಸೆಯನ್ನು ಅಳೆಯಲು ಸಂಶೋಧಕ ಬೆನೆಟ್ ಟೆಪ್ಪರ್ 15 ಅಂಶಗಳ ಪಟ್ಟಿ ಮಾಡಿದ್ದು 2000ದಲ್ಲಿ. ನಾಲ್ಕು ಜನರ ಮುಂದೆ ಹೀಯಾಳಿಸುವುದು, ಹಳೇ ತಪ್ಪು ಎತ್ತಿ ಆಡುವುದು, ಕಷ್ಟಪಟ್ಟು ಮಾಡಿದ ಕೆಲಸದ ಶ್ರೇಯ ಕೊಡದಿರುವುದು, ಮಾತೇ ಬಿಟ್ಟುಬಿಡುವುದು. ಓದುವಾಗ ಒಂದೊಂದು ಸಾಲಿಗೂ ಯಾರದೋ ಮುಖ ಕಣ್ಣ ಮುಂದೆ ಬರುತ್ತದೆ. ಹೀಗೆ ನೊಂದವರು ಕೆಲಸ ಬಿಡುವುದು ಜಾಸ್ತಿ ಅಂತ ಅವರು ಕಂಡುಕೊಂಡರು. ಉಳಿದವರಿಗೆ ಕೆಲಸದಲ್ಲೂ ಬದುಕಿನಲ್ಲೂ ತೃಪ್ತಿ ಕಡಿಮೆ. ಮನೆಯಲ್ಲೂ ತಿಕ್ಕಾಟ. ಬೇರೆ ಕೆಲಸ ಸಿಗುವುದು ಕಷ್ಟ ಅನ್ನುವವರಿಗೆ ಪೆಟ್ಟು ಇನ್ನೂ ಜೋರು. ಸಾಲದ ಕಂತು ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೂ ಮೊದಲು, 1990ರ ದಶಕದಲ್ಲಿ, ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆ ಮುಖ್ಯಸ್ಥರಿರುವ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಸಿಕ್ಕ ಲೆಕ್ಕ ಉಲ್ಟಾ. ಅಲ್ಲೇ ಜಾಸ್ತಿ! ಕೆದಕಿದಾಗ ಕಾರಣ ಹೊಳೆಯಿತು. ಆ ತಂಡಗಳಲ್ಲಿ ನರ್ಸ್‌ಗಳು ಹೆದರದೆ ತಪ್ಪು ಹೇಳಿಕೊಳ್ಳುತ್ತಿದ್ದರು. ಬೈಗುಳದ ಭಯವಿದ್ದ ಕಡೆ ಅದು ಬಾಯಿಗೇ ಬರುತ್ತಿರಲಿಲ್ಲ. ಲೆಕ್ಕದ ಹಾಳೆ ಚೊಕ್ಕಟವಾಗಿತ್ತು. ಹಾಸಿಗೆಯ ಮೇಲೆ ರೋಗಿ ಮಲಗಿದ್ದ.